ಕೆಸರುಗುಳಿ ಹಳ್ಳ ಯಾರದು?

— ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು ತಾಲ್ಲೂಕಿನಲ್ಲಿ ಒಂದು ಸಣ್ಣ ಅಣೆಕಟ್ಟಿದೆ. ತಮಿಳುನಾಡು ಸರ್ಕಾರದ ಕಾಗದಪತ್ರಗಳಲ್ಲಿ ಅದರ ಹೆಸರು ‘ಕೇಸರ್‌ಗುಳಿ ಹಳ್ಳ ಅಣೆ’. ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ.

— ಕೇಸರ್‌ಗುಳಿ... ಕೆಸರುಗುಳಿ! ಕೆಸರುಗುಳಿ ಹಳ್ಳ. ಇದು ಅಚ್ಚಗನ್ನಡವಲ್ಲವೇ?

— ಅಚ್ಚಗನ್ನಡವೇ. ತಮಿಳಿನಲ್ಲಿ ಕೆಸರಿಗೆ ‘ಸೇರು’, ಹಳ್ಳಕ್ಕೆ ‘ಓಡೈ’. ಕೊಂಗುನಾಡಿನ ಕಡೆ ‘ಪಳ್ಳಂ’ ಅನ್ನುವುದೂ ಉಂಟು. ಅವು ಯಾವುವೂ ಈ ಹೆಸರಿನಲ್ಲಿಲ್ಲ. ಮಳೆಗಾಲ ಮುಗಿದ ಮೇಲೆ ಆ ಕಡೆಯ ತೊರೆಗಳನ್ನು ನೋಡಬೇಕು ನೀವು. ಮೊದಲು ಹರಿವು ನಿಲ್ಲುತ್ತದೆ. ತಗ್ಗುಗಳಲ್ಲಿ ಮಾತ್ರ ನೀರು ಉಳಿಯುತ್ತದೆ. ಆಮೇಲೆ ಆ ನೀರೂ ಹೋಗಿ ಮೊಣಕಾಲುದ್ದ ಕೆಸರು. ಎಮ್ಮೆ ಹೊಕ್ಕರೆ ಸಂಜೆಯವರೆಗೆ ಮೇಲೇಳುವುದಿಲ್ಲ. ಹಸು ಹೊಕ್ಕರೆ ಹಗ್ಗ ಹಾಕಿ ಎಳೆಯಬೇಕು. ದನ ಕಾಯುವವನಿಗೆ ಆ ತೊರೆಯ ಬಗ್ಗೆ ಗೊತ್ತಿರಬೇಕಾದದ್ದು ಅದೊಂದೇ. ಅದನ್ನೇ ಹೆಸರು ಮಾಡಿಟ್ಟಿದ್ದಾನೆ.

— ಹೆಸರಿಟ್ಟವನು ಕನ್ನಡದವನು ಅಂತಾಯಿತು. ಹಾಗಾದರೆ ಆ ನೆಲವೂ...

— ಅಲ್ಲಿಗೇ ನಿಲ್ಲಿ. ಬೆಂಗಳೂರಿನಿಂದ ಬಂದವರೆಲ್ಲ ಎರಡನೇ ವಾಕ್ಯಕ್ಕೇ ಅಲ್ಲಿಗೆ ಬಂದುಬಿಡುತ್ತೀರಿ. ಹೆಸರು ಸಾಕ್ಷಿ ಹೇಳುತ್ತದೆ, ಖಾತೆ ಮಾಡಿಕೊಡುವುದಿಲ್ಲ.

— ನೀವು ಪಾಲಕ್ಕೋಡಿನವರು, ಮನೆಯಲ್ಲಿ ಕನ್ನಡ, ಓದಿದ್ದು ತಮಿಳು ಶಾಲೆಯಲ್ಲಿ. ನಿಮಗೆ ಈ ಎಚ್ಚರಿಕೆ ಸಹಜ. ಆದರೆ ಹೊಗೇನಕಲ್ ವಿಷಯ ಹೇಳಿ. ಹೊಗೆ, ಕಲ್ಲು. ಇದಕ್ಕಿಂತ ಕನ್ನಡ ಬೇಕೇ? ಬಂಡೆಗಳ ಸಂದಿಗೆ ಕಾವೇರಿ ಬೀಳುವಾಗ ಏಳುವ ತುಂತುರು ದೂರಕ್ಕೆ ಹೊಗೆಯ ಹಾಗೆಯೇ ಕಾಣುತ್ತದೆ. ತಮಿಳಿನವರು ಅದನ್ನು ‘ಒಗೇನಕ್ಕಲ್’ ಅಂತ ಬರೆದು ತಲೆಯ ‘ಹ’ಕಾರವನ್ನೇ ಕತ್ತರಿಸಿದ್ದಾರೆ.

— ಕತ್ತರಿಸಿದ್ದು ಅವರು ಅಂತ ಯಾರು ಹೇಳಿದರು? ಮಂಡ್ಯದ ಸಂತೆಗೆ ಹೋಗಿ ಕೇಳಿ. ‘ಅಳ್ಳಿ’, ‘ಒಲ’, ‘ಒಗೆ’. ನಮ್ಮ ಹಳೇ ಮೈಸೂರಿನ ಒಕ್ಕಲ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಧರ್ಮಪುರಿ ಸೀಮೆಯ ಕನ್ನಡವೂ ಹಾಗೆಯೇ. ತಮಿಳು ಗುಮಾಸ್ತ ಬಂದು ಕೇಳಿದಾಗ ಊರಿನವನು ‘ಒಗೇನಕಲ್ಲು’ ಅಂದಿರುತ್ತಾನೆ. ಅವನು ಕಿವಿಗೆ ಬಿದ್ದದ್ದನ್ನು ಬರೆದುಕೊಂಡಿದ್ದಾನೆ. ಈಗಲೂ ಆ ಕಡೆಯ ಊರಿನ ಬೋರ್ಡುಗಳಲ್ಲಿ ಒಂದು ಕಡೆ ಗ್ರಂಥಾಕ್ಷರದ ‘ಹ’ ಹಾಕಿ ‘ಹಳ್ಳಿ’ ಅಂತ, ಇನ್ನೊಂದು ಕಡೆ ‘ಅಳ್ಳಿ’ ಅಂತ ಇರುತ್ತದೆ. ನಮ್ಮ ಹಳ್ಳಿಗನ ಉಚ್ಚಾರಕ್ಕೆ ಹೆಚ್ಚು ಹತ್ತಿರ ಇರುವುದು ಆ ‘ಅಳ್ಳಿ’ಯೇ. ಬೆಂಗಳೂರಿನ ಪುಸ್ತಕದ ‘ಹೊಗೇನಕಲ್’ ನಮ್ಮಜ್ಜಿಯ ಬಾಯಲ್ಲಿ ಯಾವತ್ತೂ ಬರಲಿಲ್ಲ.

— ಸರಿ, ಹಕಾರ ಬಿಟ್ಟೆ.

— ಬಿಡಬೇಡಿ. ಆ ಹಕಾರದಲ್ಲೇ ಈ ಸೀಮೆಯ ಚರಿತ್ರೆ ಇದೆ. ಧರ್ಮಪುರಿಯ ಹಳೆಯ ಹೆಸರು ಗೊತ್ತಲ್ಲ?

— ತಗಡೂರು. ಸಂಗಂ ಕಾಲದ ಅದಿಯಮಾನ್ ನೆಡುಮಾನ್ ಅಂಜಿಯ ರಾಜಧಾನಿ. ಅವ್ವೈಯಾರ್ ಹಾಡಿದ ದೊರೆ.

— ಅವನೇ. 1981ರಲ್ಲಿ ಜಂಬೈ ಎಂಬಲ್ಲಿ ಸಿಕ್ಕ ತಮಿಳು ಬ್ರಾಹ್ಮಿ ಶಾಸನದಲ್ಲಿ ಅವನನ್ನು ‘ಸತಿಯಪುತೋ’ ಅಂತ ಕರೆದಿದೆ. ಅಶೋಕ ತನ್ನ ಶಾಸನಗಳಲ್ಲಿ ಚೋಳ, ಪಾಂಡ್ಯ, ಕೇರಳಪುತ್ರರ ಸಾಲಿನಲ್ಲಿ ಹೆಸರಿಸಿದ ಸತಿಯಪುತರು ಯಾರು ಅಂತ ವಿದ್ವಾಂಸರು ಬಹಳ ಕಾಲ ಜಗಳವಾಡಿದ್ದರು. ಆ ಒಂದು ಸಾಲಿನಿಂದ ಅದು ಹೆಚ್ಚುಕಡಿಮೆ ಬಗೆಹರಿಯಿತು. ಅಂದರೆ ತಗಡೂರು ತಮಿಳು ಸಾಹಿತ್ಯದ ಹೃದಯದಲ್ಲೇ ಇರುವ ಊರು. ಅದೇ ತಗಡೂರಿನಲ್ಲಿ ಕ್ರಿ.ಶ. 893ರ ಒಂದು ಕನ್ನಡ ಶಾಸನವೂ ಇದೆ. ನೊಳಂಬರ ಮಹೇಂದ್ರನ ಕಾಲದ್ದು. ನಿಧಿಯಣ್ಣ, ಚಂದಿಯಣ್ಣ ಎಂಬ ವ್ಯಾಪಾರಿ ಮನೆತನದ ಅಣ್ಣತಮ್ಮಂದಿರು ಬಸದಿ ಕಟ್ಟಿಸಿದರು. ಅದಕ್ಕೆ ದತ್ತಿಯಾಗಿ ಬಂದ ಊರಿನ ಹೆಸರು ಮೂಲಪಳ್ಳಿ.

— ಪಳ್ಳಿ. ಹಳ್ಳಿ ಅಲ್ಲ.

— ಈಗ ನಿಮಗೆ ಹತ್ತಿತು. ಹಳಗನ್ನಡದಲ್ಲಿ ಪಳ್ಳಿ, ಪೊಗೆ, ಪಳ್ಳ. ಹತ್ತನೆಯ ಶತಮಾನದಿಂದ ಈಚೆಗೆ ಆ ಪಕಾರ ಹಕಾರವಾಗುತ್ತ ಬಂದು, ಹೊಸಗನ್ನಡದ ಹೊತ್ತಿಗೆ ಪೂರ್ತಿ ತಿರುಗಿತು. ತಮಿಳು, ತೆಲುಗು ಎರಡರಲ್ಲೂ ಆ ತಿರುವು ಇಲ್ಲ. ಈಗ ಪಾಲಕ್ಕೋಡಿನ ಸುತ್ತ ಹೆಸರುಗಳನ್ನು ಓದಿ: ಮಾರಂಡಹಳ್ಳಿ, ಸೋಮನಹಳ್ಳಿ, ಬೇವುಹಳ್ಳಿ, ಎರ್ರನಹಳ್ಳಿ. ತುಂಬಲಹಳ್ಳಿ ಅಂತ ಇನ್ನೊಂದು ಅಣೆಕಟ್ಟೇ ಇದೆ. ನೊಳಂಬರ ಕಾಲದಲ್ಲಿ ಇದ್ದ ಕನ್ನಡಿಗರು ಚೋಳರು ಬಂದಾಗ ಊರುಬಿಟ್ಟು ಹೋಗಿದ್ದರೆ ಹೆಸರುಗಳೆಲ್ಲ ‘ಪಳ್ಳಿ’ಯಲ್ಲೇ ನಿಂತುಬಿಡುತ್ತಿದ್ದವು. ಕಲ್ಲಿನಲ್ಲಿ ಪಕಾರ, ಬಾಯಲ್ಲಿ ಹಕಾರ. ನಡುವೆ ಎಷ್ಟು ತಲೆಮಾರು ಕನ್ನಡ ಆಡುತ್ತ ಬದುಕಿರಬೇಕು ಲೆಕ್ಕ ಹಾಕಿ.

— ಅಥವಾ ಹೋದವರು ಹೋದರು, ಆಮೇಲೆ ಹೊಸಬರು ಬಂದರು. ಹೊಯ್ಸಳ ರಾಮನಾಥ ಹೊಸೂರಿನ ಹತ್ತಿರದ ಕುಂದಾಣಿಯಲ್ಲಿ ಕೂತು ಆಳಿದ. ವಿಜಯನಗರದವರು ಬಂದರು, ಮೈಸೂರಿನ ಒಡೆಯರು, ಹೈದರ್, ಟಿಪ್ಪು. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೂ ಈ ಬಾರಾಮಹಲು ಸೀಮೆ ಮೈಸೂರಿನ ಕೈಯಲ್ಲೇ ಇತ್ತಲ್ಲ. ಆಗ ಬಂದ ಒಕ್ಕಲುಗಳು ಹೊಸ ಹೆಸರು ಇಟ್ಟಿರಬಹುದು.

— ಇಟ್ಟಿರಬಹುದು. ಎರಡೂ ಆಗಿರಬಹುದು, ಒಂದೊಂದು ಊರಿಗೆ ಒಂದೊಂದು ಕಥೆ. ಮಾರಂಡಹಳ್ಳಿಯಿಂದ ಸ್ವಲ್ಪ ದೂರದಲ್ಲೇ ಪಂಚಪಳ್ಳಿ ಇದೆ, ಚಿನ್ನಾರ್ ಹೊಳೆಗೆ ಅಲ್ಲಿ ಅಣೆ ಕಟ್ಟಿದ್ದಾರೆ. ಒಂದಕ್ಕೆ ಹಳ್ಳಿ, ಪಕ್ಕದ್ದಕ್ಕೆ ಪಳ್ಳಿ. ಪಂಚಪಳ್ಳಿಯ ಪಳ್ಳಿ ಹಳಗನ್ನಡವೋ, ತೆಲುಗೋ, ತಮಿಳೋ? ಆ ಪದ ಒಂದನ್ನೇ ಹಿಡಿದು ಹೇಳುವುದಕ್ಕೆ ಬರುವುದಿಲ್ಲ. ಆದರೆ ‘ಹಳ್ಳಿ’ ಇದ್ದಲ್ಲಿ, ಆ ತಿರುವು ಶುರುವಾದ ಮೇಲೆ ಕನ್ನಡದ ನಾಲಿಗೆ ಆಡಿದೆ ಅಂತ ಧೈರ್ಯವಾಗಿ ಹೇಳಬಹುದು. ಇನ್ನೊಂದು ಗುರುತು ‘ಬ’ಕಾರ. ತಮಿಳಿನ ‘ವೇಂಬು’ ನಮ್ಮಲ್ಲಿ ‘ಬೇವು’. ಬೇವುಹಳ್ಳಿಯಲ್ಲಿ ಎರಡೂ ಗುರುತುಗಳು ಒಟ್ಟಿಗೆ ಇವೆ. ಪಾಲಕ್ಕೋಡು ಒಕ್ಕೂಟದ ಇನ್ನೊಂದು ಪಂಚಾಯಿತಿಯ ಹೆಸರು ಹೇಳುತ್ತೇನೆ, ನಗಬೇಡಿ: ಚಿಕ್ಕತೋರಣಬೆಟ್ಟಂ.

— ಚಿಕ್ಕ ತೋರಣ ಬೆಟ್ಟ! ಮೇಲೊಂದು ತಮಿಳು ‘ಅಂ’.

— ಮೈಯೆಲ್ಲ ಕನ್ನಡ, ಕೊನೆಯ ಅಕ್ಷರ ಮಾತ್ರ ತಮಿಳು. ಎರ್ರನಹಳ್ಳಿಯಲ್ಲಿ ತೆಲುಗಿನ ಎರ್ರಣ್ಣ ಇದ್ದಾನೆ, ಕನ್ನಡದ ಹಳ್ಳಿ ಇದೆ, ಬರೆದಿರುವುದು ತಮಿಳಿನಲ್ಲಿ. ಪಾಪ್ಪಿರೆಡ್ಡಿಪಟ್ಟಿಯಲ್ಲಿ ರೆಡ್ಡಿಯೂ ಪಟ್ಟಿಯೂ ಕೂಡಿವೆ. ಇಡೀ ಸೀಮೆಗೆ ‘ಬಾರಾಮಹಲ್’ ಅಂತ ಉರ್ದು ಹೆಸರು. ಸೇಲಂ ಹೆಸರಿನ ಮೂಲದ ಬಗ್ಗೆ ಚೇರ ಅನ್ನುವವರಿದ್ದಾರೆ, ಶೈಲ ಅನ್ನುವವರಿದ್ದಾರೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ.

— ತಗಡೂರಿಗೂ ಹೋಗುವುದಿಲ್ಲವೇ? ತಗಡು ಅಂದರೆ ಲೋಹದ ಹಾಳೆ. ಸೇಲಂ ಪಕ್ಕದ ಕಂಜಮಲೆಯಲ್ಲಿ ಕಬ್ಬಿಣದ ಅದಿರು. ಲೋಹದ ಊರು ತಗಡೂರು. ಎಷ್ಟು ಚೆನ್ನಾಗಿ ಕೂಡುತ್ತದೆ!

— ಚೆನ್ನಾಗಿ ಕೂಡುತ್ತದೆ ಅನ್ನುವುದೇ ಅನುಮಾನಕ್ಕೆ ಕಾರಣ. ನಂಜನಗೂಡು ತಾಲ್ಲೂಕಿನಲ್ಲೂ ಒಂದು ತಗಡೂರಿದೆ. ಖಾದಿ ಕೆಲಸ ಮಾಡಿದ ತಗಡೂರು ರಾಮಚಂದ್ರರಾಯರ ಊರು. ಅಲ್ಲಿ ಕಂಜಮಲೆ ತರುತ್ತೀರಾ? ಹೆಸರಿನ ಅರ್ಥ ಹೇಳುವ ಚಪಲ ಎಲ್ಲರಿಗೂ ಇರುತ್ತದೆ. ಕೆಸರುಗುಳಿಯಂಥ ಹೆಸರನ್ನು ನಂಬುತ್ತೇನೆ, ಯಾಕೆಂದರೆ ಹೋಗಿ ನಿಂತರೆ ಕಾಲು ಹೂತುಹೋಗುತ್ತದೆ. ಊರಿನ ಹೆಸರುಗಳಲ್ಲಿ ದೊರೆಗಳೂ ಗೌಡರೂ ಸೇರಿಕೊಂಡು ಗೊಂದಲ ಮಾಡಿಟ್ಟಿರುತ್ತಾರೆ. ಹಳ್ಳ, ಗುಡ್ಡ, ಬಂಡೆಗೆ ಹೆಸರಿಡುವವರು ಕುರಿ ಮೇಯಿಸುವವರು, ಸೌದೆಗೆ ಹೋಗುವ ಹೆಂಗಸರು. ಅವರು ಕಂಡದ್ದನ್ನು ಹೇಳುತ್ತಾರೆ, ಅಷ್ಟೆ.

— ಸ್ಕಾಟ್ಲೆಂಡಿನ ಬೆಟ್ಟಗಳಲ್ಲೂ ಹೀಗೇ ಅಂತ ಓದಿದ್ದೇನೆ. ‘ಬೆನ್’ ಅಂದರೆ ಬೆಟ್ಟ, ‘ಗ್ಲೆನ್’ ಅಂದರೆ ಕಣಿವೆ, ‘ಲಾಖ್’ ಅಂದರೆ ಸರೋವರ, ‘ಆಲ್ಟ್’ ಅಂದರೆ ನಮ್ಮ ಹಳ್ಳ. ಎಲ್ಲ ಗೇಲಿಕ್. 2011ರ ಜನಗಣತಿಯಲ್ಲಿ ಆ ಭಾಷೆ ಆಡುವವರು ಸುಮಾರು 57 ಸಾವಿರ ಮಾತ್ರ. ಆದರೆ ಉತ್ತರದ ಬೆಟ್ಟಸೀಮೆಯ ನಕ್ಷೆ ಬಿಚ್ಚಿದರೆ ಇಂಗ್ಲಿಷಿನ ಹೆಸರು ಹುಡುಕಬೇಕು.

— ಆಡುವವರು ಕರಗಿದ ಮೇಲೂ ಹೆಸರು ಉಳಿಯುತ್ತದೆ. ಅದಕ್ಕೇ ಅದು ಒಳ್ಳೆಯ ಸಾಕ್ಷಿ. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ವೆ ಮಾಡಿದವರು ‘ಹೆಸರಿನ ಪುಸ್ತಕ’ಗಳನ್ನು ಇಟ್ಟುಕೊಂಡಿದ್ದರು. ಪ್ರತಿ ಗುಡ್ಡ, ತೊರೆಯ ಎದುರು ಈ ಕಾಗುಣಿತವನ್ನು ಯಾರು ಹೇಳಿದರು ಅಂತ ಬರೆಯುವುದಕ್ಕೆ ಒಂದು ಕಾಲಂ. ಜಮೀನ್ದಾರ, ಪಾದ್ರಿ, ಶಾಲೆಯ ಮೇಷ್ಟ್ರು ಹೀಗೆ. ಕುರಿಕಾಯುವವನ ಮಾತಿಗೆ ಅಲ್ಲಿ ತೂಕ ಕಡಿಮೆಯೇ. ಆದರೂ ಹೇಳಿದವರ ಹೆಸರಾದರೂ ಉಳಿದಿದೆಯಲ್ಲ. ನಮ್ಮ ಸರ್ವೆ ಆಫ್ ಇಂಡಿಯಾದ ಹಾಳೆ ತೆಗೆಯಿರಿ. ಹೊಗೇನಕಲ್ ಇರುವುದು 57 ಎಚ್‌ನಲ್ಲಿ, ಧರ್ಮಪುರಿ 57 ಎಲ್‌ನಲ್ಲಿ. ಒಂದೊಂದು ಹಳ್ಳಕ್ಕೂ ಹೆಸರಿದೆ. ಆ ಹೆಸರನ್ನು ಹೇಳಿದವನು ಯಾರು, ಅವನು ಮನೆಯಲ್ಲಿ ಯಾವ ಮಾತು ಆಡುತ್ತಿದ್ದ ಅನ್ನುವುದು ಹಾಳೆಯ ಮೇಲಿಲ್ಲ.

— ಸೇಲಂ ಬಳಿಯ ಬೆಟ್ಟದೂರು ಏರ್ಕಾಡಿನ ಬಗ್ಗೆ ಹೇಳಿ. ಅದು ಪೂರ್ತಿ ತಮಿಳು ತಾನೇ?

— ತಮಿಳೇ. ಏರಿ, ಕಾಡು. ಕೆರೆಯಿರುವ ಕಾಡು. ಅಲ್ಲಿ ಒಂದು ತಮಾಷೆ ನೋಡಿ. ತಮಿಳಿನಲ್ಲಿ ‘ಏರಿ’ ಅಂದರೆ ನೀರು, ಕನ್ನಡದಲ್ಲಿ ‘ಏರಿ’ ಅಂದರೆ ನೀರನ್ನು ತಡೆದ ಮಣ್ಣು. ಅವರು ‘ಏರಿಯಲ್ಲಿ ಮೀನು ಹಿಡಿದೆ’ ಅಂದರೆ ನಾವು ನಗುತ್ತೇವೆ. ನಾವು ‘ಏರಿಯ ಮೇಲೆ ಗಾಡಿ ಹೊಡೆದೆ’ ಅಂದರೆ ಅವರು ನಗುತ್ತಾರೆ. ಪೆನ್ನಾಗರಂ ಕಡೆ ಏರಿಯೂರು ಅಂತ ಇದೆ. ಕನ್ನಡದವನಿಗೂ ತಮಿಳಿನವನಿಗೂ ಆ ಹೆಸರು ಸರಿಯಾಗಿಯೇ ಕೇಳುತ್ತದೆ, ಇಬ್ಬರೂ ಒಂದೇ ಕಡೆಗೆ ಕೈ ತೋರಿಸುತ್ತಾರೆ. ಏರ್ಕಾಡಿನ ಕರಡಿಯೂರೂ ಹಾಗೆಯೇ. ಕರಡಿ ಎರಡೂ ಭಾಷೆಯಲ್ಲಿ ಕರಡಿ. ಕಿಳಿಯೂರು ಜಲಪಾತದಲ್ಲಿ ಮಾತ್ರ ನಮ್ಮ ಗಿಳಿ ಗಕಾರ ಕಳೆದುಕೊಂಡಿದೆ.

— ಆ ಬೆಟ್ಟಸಾಲಿಗೆ ‘ಶೆವರಾಯ್’ ಅನ್ನುವುದು ಇಂಗ್ಲಿಷಿನವರ ಕೆಲಸವೇ?

— ಸೇರ್ವರಾಯನನ್ನು ಶೆವರಾಯ್ ಮಾಡಿದ್ದು ಅವರೇ. ನೆತ್ತಿಯ ಮೇಲೆ ಸೇರ್ವರಾಯನ ಗುಡಿ ಇದೆ, ಗುಡಿ ಅನ್ನುವುದಕ್ಕಿಂತ ಗವಿ. ತಲೆ ಬಗ್ಗಿಸಿ ಒಳಗೆ ಹೋಗಬೇಕು, ಕತ್ತಲೆ, ಕಾಲಡಿಯಲ್ಲಿ ತೇವ. ಒಳಗೆ ಇಬ್ಬರು: ಬೆಟ್ಟದ ಸೇರ್ವರಾಯ, ಪಕ್ಕದಲ್ಲಿ ಕಾವೇರಿಯಮ್ಮ. ಮೇ ತಿಂಗಳಲ್ಲಿ ಜಾತ್ರೆ. ಬೆಟ್ಟದ ಮಲೆಯಾಳಿ ಬುಡಕಟ್ಟಿನವರು ಬರುತ್ತಾರೆ. ಹೆಸರು ಕೇಳಿ ಕೇರಳದವರು ಅಂದುಕೊಳ್ಳಬೇಡಿ. ಮಲೆಯನ್ನು ಆಳುವವರು ಮಲೆಯಾಳಿಗಳು, ಆಡುವುದು ತಮಿಳು. ಕಂಚಿಯಿಂದ ಅಣ್ಣತಮ್ಮಂದಿರು ಬಂದು ಒಬ್ಬೊಬ್ಬರು ಒಂದೊಂದು ಬೆಟ್ಟ ಹಿಡಿದರು ಅನ್ನುವುದು ಅವರ ಕಥೆ. ಹೊಳೆ ಹರಿಯುವುದು ಅಷ್ಟು ದೂರದಲ್ಲಿ, ಹೊಳೆಯ ದೇವರು ಬೆಟ್ಟದ ತುದಿಯ ಗವಿಯಲ್ಲಿ! ಭೂಪಟ ಮಾಡುವವನಿಗೆ ಇದು ಅರ್ಥವಾಗುವುದಿಲ್ಲ.

— ಇಂಗ್ಲಿಷಿನವರು ಅಂದಿರಿ. ಸೇಲಂ ಕಲೆಕ್ಟರ್ ಕಾಕ್‌ಬರ್ನ್ 1820ರ ದಶಕದಲ್ಲಿ ಅಲ್ಲಿಗೆ ಕಾಫಿ ತಂದ. ಆಮೇಲೆ ತೋಟದ ದೊರೆಗಳು ಬಂದರು. ‘ಲೇಡೀಸ್ ಸೀಟ್’, ‘ಪಗೋಡ ಪಾಯಿಂಟ್’ ಅಂತ ನಮ್ಮ ಪ್ರವಾಸಿ ಬಸ್ಸುಗಳು ಕೂಗುವುದೆಲ್ಲ ಅವರಿಟ್ಟದ್ದು.

— ಒಂದು ತೋಟದ ಹೆಸರು ‘ಬಾಲ್ಮಡೀಸ್’. ಅದೇ ಹೆಸರಿನ ಜಾಗ ಸ್ಕಾಟ್ಲೆಂಡಿನ ಆಂಗಸ್ ಸೀಮೆಯಲ್ಲಿದೆ. ಅಲ್ಲಿ ‘ಬಾಲ್’ ಅಂತ ಶುರುವಾಗುವ ಊರುಗಳ ಆ ತುಂಡು ಸಾಮಾನ್ಯವಾಗಿ ಗೇಲಿಕ್‌ನಲ್ಲಿ ‘ಊರು’, ‘ಒಕ್ಕಲು’. ಅಂದರೆ ಗೇಲಿಕ್‌ನ ಹಳ್ಳಿಯೊಂದು ಹಡಗು ಹತ್ತಿ ಬಂದು ಸೇರ್ವರಾಯನ ಬೆಟ್ಟದಲ್ಲಿ ಕೂತಿದೆ! ಅದನ್ನು ನೋಡಿಕೊಂಡು ಸ್ಕಾಟ್ಲೆಂಡಿನವರು ಏರ್ಕಾಡು ನಮ್ಮದು ಅಂದರೆ ಏನು ಹೇಳುತ್ತೀರಿ?

— ಅದು ಬೇರೆ. ಒಬ್ಬ ತೋಟಗಾರ ತನ್ನ ಊರ ನೆನಪಿಗೆ ಬೋರ್ಡು ಹಾಕಿಕೊಂಡ. ಕೆಸರುಗುಳಿ ಹಾಗಲ್ಲ.

— ಒಪ್ಪಿದೆ. ಅದು ತಂದು ನೆಟ್ಟದ್ದು, ಇದು ಅಲ್ಲೇ ಹುಟ್ಟಿದ್ದು. ಆದರೂ ಎರಡೂ ಹೇಳುವುದು ಒಂದೇ ಮಾತು: ಇಂಥ ಭಾಷೆಯವನು ಇಲ್ಲಿ ಬದುಕಿದ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅಂದ ಹಾಗೆ, ಸ್ಕಾಟ್ಲೆಂಡಿನ ಅತಿ ಎತ್ತರದ ಬೆನ್ ನೆವಿಸ್ 1,345 ಮೀಟರು. ಸೇರ್ವರಾಯನ ನೆತ್ತಿ 1,600 ದಾಟುತ್ತದೆ. ಅಲ್ಲಿ 3,000 ಅಡಿ ಮೀರಿದ ಬೆಟ್ಟಗಳಿಗೆಲ್ಲ ‘ಮನ್ರೋ’ ಅನ್ನುತ್ತಾರೆ, 1891ರಲ್ಲಿ ಪಟ್ಟಿ ಮಾಡಿದ ಸರ್ ಹ್ಯೂ ಮನ್ರೋನಿಂದ.

— ನಮ್ಮ ಮಂತ್ರಾಲಯದ ಕಥೆಯ ಮನ್ರೋ ಅಲ್ಲವಲ್ಲ?

— ಅಲ್ಲ, ಅವನು ಥಾಮಸ್ ಮನ್ರೋ. ಅವನೂ ಸ್ಕಾಟ್ಲೆಂಡಿನವನೇ, ಗ್ಲಾಸ್ಗೋದವನು. ಮಂತ್ರಾಲಯಕ್ಕೆ ಹೋಗುವ ಮೊದಲು 1792ರಿಂದ 1799ರವರೆಗೆ ಇದೇ ಬಾರಾಮಹಲಿನಲ್ಲಿ, ಕ್ಯಾಪ್ಟನ್ ರೀಡ್‌ನ ಕೈಕೆಳಗೆ, ಧರ್ಮಪುರಿಯಲ್ಲಿ ಕೂತು ಕಂದಾಯ ಗೊತ್ತುಮಾಡುತ್ತಿದ್ದ. ಬೆಟ್ಟ, ಹಳ್ಳ, ಹೊಲಗಳೆಲ್ಲ ಕಂಪನಿಯ ಲೆಕ್ಕದ ಪುಸ್ತಕಕ್ಕೆ ಹತ್ತಿದ್ದು ಆ ಕಾಲದಲ್ಲಿ.

— ನಿಮ್ಮ ಮಾತು ಕೇಳಿದರೆ ಒಂದು ಸಂಗತಿ ನುಂಗಲಾಗುವುದಿಲ್ಲ. ‘ಹೆಸರು ಸಾಕ್ಷಿ, ಹಕ್ಕಲ್ಲ’ ಅಂತ ನಾವು ಸಭ್ಯರಾಗಿ ಸುಮ್ಮನಿರುತ್ತೇವೆ. ಸುಮ್ಮನಿದ್ದಷ್ಟೂ ಹೆಸರು ಅಳಿಯುತ್ತದೆ. ಶಂಬಾ ಜೋಶಿಯವರು ಊರಿನ ಹೆಸರುಗಳನ್ನು ಹಿಡಿದು ‘ಎಡೆಗಳು ಹೇಳುವ ಕಂನಾಡ ಕಥೆ’ ಬರೆದರು, ‘ಕಣ್ಮರೆಯಾದ ಕನ್ನಡ’ ಬರೆದರು. ಅವರು ಉತ್ತರಕ್ಕೆ, ಮಹಾರಾಷ್ಟ್ರದ ಕಡೆಗೆ ನೋಡಿದರು. ದಕ್ಷಿಣದ ಈ ಮೂಲೆಯನ್ನು ಹಾಗೆ ಹಟ ಹಿಡಿದು ನೋಡಿದವರು ಎಷ್ಟು ಜನ? ಕವಿರಾಜಮಾರ್ಗಕಾರ ಕನ್ನಡನಾಡಿಗೆ ಕಾವೇರಿಯ ಗಡಿ ಹೇಳಿದ. ಅದೇ ಒಂಬತ್ತನೆಯ ಶತಮಾನದಲ್ಲಿ ಕಾವೇರಿಯ ಈಚೆ ದಡದ ತಗಡೂರಿನಲ್ಲಿ ಕನ್ನಡದ ಕಲ್ಲು ನಿಂತಿತು. ಇದನ್ನು ಗಟ್ಟಿಯಾಗಿ ಹೇಳಿದರೆ ತಪ್ಪೇ?

— ಹೇಳಿ, ಗಟ್ಟಿಯಾಗಿಯೇ ಹೇಳಿ. ಆದರೆ ಅದಿಯಮಾನನನ್ನು ಬಿಟ್ಟು ಹೇಳಬೇಡಿ. ಪೂರ್ತಿ ಹೇಳುವವನು ಎಷ್ಟು ಗಟ್ಟಿಯಾಗಿ ಹೇಳಿದರೂ ಸರಿಯೇ. 2008ರಲ್ಲಿ ಏನಾಯಿತು ನೆನಪಿದೆಯಲ್ಲ. ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಅಂತ ಎರಡೂ ಕಡೆ ಬಸ್ಸು ನಿಂತವು, ಸಿನಿಮಾದವರು ಭಾಷಣ ಮಾಡಿದರು. ಧರ್ಮಪುರಿ, ಕೃಷ್ಣಗಿರಿಯ ಬಾವಿಗಳಲ್ಲಿ ಫ್ಲೋರೈಡು; ಹಲ್ಲು ಕಂದು, ಮೂಳೆ ಬಾಗುವ ಕಾಯಿಲೆ. ಆ ನೀರು ಕುಡಿಯುವವರಲ್ಲಿ ಮನೆಯಲ್ಲಿ ಕನ್ನಡ ಆಡುವ ನನ್ನ ನೆಂಟರೂ ಇದ್ದರು. ಹೊಗೇನಕಲ್ ಹೆಸರು ಕನ್ನಡ ಅಂತ ಕೂಗಿದವರಿಗೆ ಆ ಹೆಸರಿಟ್ಟವರ ಮೊಮ್ಮಕ್ಕಳ ಹಲ್ಲು ಕಾಣಲಿಲ್ಲ.

— ಅದು ಚುಚ್ಚುವ ಮಾತು.

— ಚುಚ್ಚಲಿ ಅಂತಲೇ ಹೇಳಿದ್ದು. ಇನ್ನೊಂದು. ಅಲ್ಲಿನ ಗಡಿ ಎಷ್ಟು ಹಳೆಯದು ಅಂದುಕೊಂಡಿದ್ದೀರಿ? ಹೊಗೇನಕಲ್‌ನಲ್ಲಿ ತೆಪ್ಪ ಹತ್ತಿ, ಅದನ್ನು ಅಲ್ಲಿ ‘ಪರಿಸಲ್’ ಅನ್ನುತ್ತಾರೆ, ಬಿದಿರಿನ ಬುಟ್ಟಿಯ ಹಾಗಿರುವ ಹರಿಗೋಲು, ಆಚೆ ದಡಕ್ಕೆ ಹೋದರೆ ಈಗ ಚಾಮರಾಜನಗರ ಜಿಲ್ಲೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಮದ್ರಾಸ್ ರಾಜ್ಯದಲ್ಲಿ. ಮಲೆ ಮಹದೇಶ್ವರ ಬೆಟ್ಟವೂ ಅದರೊಳಗೇ. ಟಿಪ್ಪು ಬಿದ್ದ 1799ರಿಂದ ನೂರೈವತ್ತಕ್ಕೂ ಹೆಚ್ಚು ವರ್ಷ ಅಲ್ಲಿ ಹೊಳೆಯ ಎರಡೂ ದಡ ಒಂದೇ ಆಡಳಿತದಲ್ಲಿದ್ದವು. ಮೀನುಗಾರನಿಗೆ ನಡುನೀರಿನಲ್ಲಿ ಗೆರೆ ಕಂಡದ್ದು ನಮ್ಮಪ್ಪನ ಕಾಲದಲ್ಲಿ. ಈಗಲೂ ಮೇಟ್ಟೂರು, ಸೇಲಂ ಕಡೆಯಿಂದ ಪಾಲಾರ್ ದಾಟಿ ಮಾದಪ್ಪನ ಬೆಟ್ಟಕ್ಕೆ ಜನ ಬರುತ್ತಾರೆ. ಅವರು ‘ಮಾದೇಶ್ವರನ್ ಮಲೈ’ ಅನ್ನುತ್ತಾರೆ, ನಾವು ‘ಎಪ್ಪತ್ತೇಳು ಮಲೆ’ ಅನ್ನುತ್ತೇವೆ. ಮಲೆಗೆ ಬೇಜಾರಿಲ್ಲ.

— ಮೇಟ್ಟೂರು ಅಂದಿರಿ. ಅಲ್ಲಿ ಮುಳುಗಿದ ಹೆಸರುಗಳೂ ಇವೆಯಲ್ಲ.

— 1934ರಲ್ಲಿ ಅಣೆಕಟ್ಟು ಮುಗಿಯಿತು. ಮದ್ರಾಸಿನ ಗವರ್ನರ್ ಸ್ಟ್ಯಾನ್ಲಿಯ ಹೆಸರು ಜಲಾಶಯಕ್ಕೆ ಬಂತು. ಕೆಳಗೆ ಹೋದದ್ದು ಹೊಲ, ಊರು, ಗುಡಿ. ನೀರು ಬಹಳ ಇಳಿದ ವರ್ಷ ಪಣ್ಣವಾಡಿಯ ಹತ್ತಿರ ಜಲಕಂಠೇಶ್ವರನ ಗುಡಿಯ ನಂದಿ, ಒಂದು ಹಳೆಯ ಇಗರ್ಜಿಯ ಗೋಪುರ ಮೇಲೆ ಕಾಣುತ್ತವೆ. ಜನ ನೋಡಲು ಹೋಗುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಆದರೆ ಅಲ್ಲಿದ್ದ ಹಳ್ಳಗಳಿಗೆ ಒಂದೊಂದು ಹೆಸರಿತ್ತು, ಹೊಳೆಯ ಒಂದೊಂದು ಮಡುವಿಗೆ ಹೆಸರಿತ್ತು. ಗುಡಿ ಕಲ್ಲಿನದ್ದು, ನೀರು ಇಳಿದರೆ ಮತ್ತೆ ಕಾಣುತ್ತದೆ. ಮಡುವಿನ ಹೆಸರು ಹಾಗೆ ಮೇಲೆ ಬರುವುದಿಲ್ಲ.

— ಕೆಸರುಗುಳಿಯಲ್ಲಿ ಅಣೆ ಕಟ್ಟಿದ್ದರಿಂದಲೇ ಹೆಸರು ಉಳಿಯಿತು, ಮೇಟ್ಟೂರಿನಲ್ಲಿ ಅಣೆ ಕಟ್ಟಿದ್ದರಿಂದ ಹೋಯಿತು.

— ಸರಿಯಾಗಿ ಹಿಡಿದಿರಿ. ಒಬ್ಬ ಎಂಜಿನಿಯರು ಹಳ್ಳದ ಹೆಸರನ್ನೇ ಕಾಗದಕ್ಕೆ ಬರೆದ. ಅವನಿಗೆ ಅದರ ಅರ್ಥ ತಿಳಿದಿತ್ತೋ ಇಲ್ಲವೋ, ಕನ್ನಡಕ್ಕೆ ಉಪಕಾರವಾಯಿತು.

— ಸರ್ಕಾರಗಳು ಬೇಕೆಂದೇ ಬದಲಾಯಿಸುವುದೂ ಇದೆಯಲ್ಲ. 2020ರಲ್ಲಿ ತಮಿಳುನಾಡು 1,018 ಊರುಗಳ ಇಂಗ್ಲಿಷ್ ಕಾಗುಣಿತವನ್ನು ತಮಿಳು ಉಚ್ಚಾರಕ್ಕೆ ಹೊಂದಿಸಲು ಆದೇಶ ಹೊರಡಿಸಿತು.

— ಕೆಲವೇ ದಿನಗಳಲ್ಲಿ ವಾಪಸೂ ತೆಗೆದುಕೊಂಡಿತು. ಕಾಗುಣಿತ ನೋಡಿ ಅವರ ಜನರೇ ನಕ್ಕರು. ನಾವೂ 2014ರಲ್ಲಿ ಹನ್ನೆರಡು ನಗರಗಳಿಗೆ ಬೆಂಗಳೂರು, ಮೈಸೂರು ಅಂತ ತಿದ್ದಿಕೊಂಡೆವು, ಅದು ಸರಿಯೇ. 2021ರಲ್ಲಿ ಕಾಸರಗೋಡಿನ ಕನ್ನಡ ಹೆಸರುಗಳನ್ನು ಮಲಯಾಳಕ್ಕೆ ತಿರುಗಿಸುತ್ತಾರೆ ಅಂತ ಗದ್ದಲವಾಯಿತು, ಕೇರಳ ಸರ್ಕಾರ ಅಂಥದ್ದೇನೂ ಇಲ್ಲ ಅಂದಿತು. ಇವೆಲ್ಲ ದೊಡ್ಡ ಊರುಗಳ, ಬೋರ್ಡುಗಳ ಜಗಳ. ಬೋರ್ಡಿಲ್ಲದ ಹಳ್ಳಕ್ಕೆ ಯಾರೂ ಜಗಳವಾಡುವುದಿಲ್ಲ. ಅದರ ಹೆಸರನ್ನು ಯಾವ ಸರ್ಕಾರವೂ ಅಳಿಸಬೇಕಾಗಿಲ್ಲ. ಮೇಕೆ ಮಾರಿ ಹೊಸೂರಿನ ಕಾರ್ಖಾನೆಗೆ ಹೋದ ಹುಡುಗನಿಗೆ ಅದು ಬೇಕಾಗುವುದಿಲ್ಲ, ಅಷ್ಟೇ.

— ಅದು ಯಾವ ಭಾಷೆಯ ತಪ್ಪೂ ಅಲ್ಲ.

— ಅಲ್ಲ. ಹೊಸೂರಿನಿಂದ ಅಂಚೆಟ್ಟಿಗೆ ಹೋಗುವ ಕಾಡಿನಲ್ಲಿ ದೊಡ್ಡಹಳ್ಳ ಇದೆ, ಕಾವೇರಿಗೆ ಸೇರುತ್ತದೆ. ಅದು ದೊಡ್ಡದು, ಅರಣ್ಯ ಇಲಾಖೆಯ ನಕ್ಷೆಯಲ್ಲಿ ಉಳಿಯುತ್ತದೆ. ಅದಕ್ಕೆ ಬಂದು ಬೀಳುವ ಸಣ್ಣಪುಟ್ಟವುಗಳ ಪಾಡೇನು? ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರು, ತಮಿಳುನಾಡಿನ ಅತಿ ಎತ್ತರದ ಶಿಖರ, ಬಡಗರ ನಾಡು. ಅದರ ಹೆಸರು ಅಲುಗುವುದಿಲ್ಲ. ಪಾಲಕ್ಕೋಡಿನ ಗುಡ್ಡಗಳಿಗೆ ಆ ಎತ್ತರವಿಲ್ಲ.

— ಹಾಗಾದರೆ ಏನು ಮಾಡಬೇಕು ಅನ್ನುತ್ತೀರಿ? ಸಂಶೋಧನಾ ಕೇಂದ್ರ, ಅಕಾಡೆಮಿ, ಅನುದಾನ?

— ಅವು ಬರುವಾಗ ಬರಲಿ. ಅಷ್ಟು ಹೊತ್ತಿಗೆ ಹೇಳುವವರು ಇರುವುದಿಲ್ಲ. ಈ ಕೆಲಸಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಅದೇ ಸೀಮೆಯ ಒಬ್ಬ ನೆಂಟ. ಮೇಷ್ಟ್ರನ್ನು ಕೇಳಬೇಡಿ, ಅವರು ಅರ್ಥ ಹೇಳಲು ಶುರು ಮಾಡುತ್ತಾರೆ. ಪೂಜಾರಿಯನ್ನು ಕೇಳಿದರೆ ರಾಮ ಸೀತೆಯರು ಬರುತ್ತಾರೆ. ಮೇಕೆ ಕಾಯ್ದವರನ್ನು, ಸೀಗೆಕಾಯಿ, ಹುಣಿಸೆ ಆಯ್ದವರನ್ನು ಕೇಳಿ. ಅವರು ‘ಅಳ್ಳ’ ಅಂದರೆ ‘ಅಳ್ಳ’ ಅಂತಲೇ ಬರೆಯಿರಿ, ‘ಹಳ್ಳ’ ಅಂತ ತಿದ್ದಬೇಡಿ. ಹೇಳಿದವರ ವಯಸ್ಸು, ಊರು, ಮನೆಮಾತು ಬರೆಯಿರಿ. ಅದೇ ತೊರೆಗೆ ಪಕ್ಕದ ಕೇರಿಯ ತಮಿಳಿನವರು, ತೆಲುಗಿನವರು ಬೇರೆ ಹೆಸರು ಹೇಳಿದರೆ ಅದನ್ನೂ ಅದರ ಪಕ್ಕದಲ್ಲೇ ಬರೆಯಿರಿ.

— ಸೇಲಂ ನಗರದಲ್ಲೂ ಕನ್ನಡ ಆಡುವ ದೇವಾಂಗರ ಮನೆಗಳಿವೆ. ಅವರನ್ನೂ ಕೇಳಬಹುದಲ್ಲ?

— ಕೇಳಿ. ಅವರು ನೇಯ್ಗೆಯವರು, ಬೆಟ್ಟದ ಹೆಸರು ಕಡಿಮೆ ಗೊತ್ತಿರುತ್ತದೆ. ಆದರೆ ಕೇರಿಯ ಬಾವಿಗಳು, ಚೌಡೇಶ್ವರಿ ಗುಡಿಯ ಹಿಂದಿನ ಓಣಿಗಳು, ಮುಚ್ಚಿಹೋದ ಕಾಲುವೆಗಳು, ಇವುಗಳ ಹೆಸರು ಅವರ ಬಾಯಲ್ಲಿ ಬೇರೆಯೇ ಇರಬಹುದು. ಓದುವವರಿಗೂ ಇದನ್ನೇ ಹೇಳಿ. ಪಾಲಕ್ಕೋಡು, ಪೆನ್ನಾಗರಂ, ಮಾರಂಡಹಳ್ಳಿ, ಅಂಚೆಟ್ಟಿ, ಸೇಲಂ, ಈ ಕಡೆ ನೆಂಟರಿದ್ದರೆ ಮುಂದಿನ ಹಬ್ಬಕ್ಕೆ ಹೋದಾಗ ಊರಿನ ಸುತ್ತಲ ಹತ್ತು ಹಳ್ಳ, ಐದು ಗುಡ್ಡಗಳ ಹೆಸರು ಕೇಳಿ ಬರೆದುಕೊಂಡು ಬನ್ನಿ. ಎಪ್ಪತ್ತು ದಾಟಿದವರನ್ನು ಮೊದಲು ಕೇಳಿ.